ಸೇವೆಯ ದಾರಿಯಲ್ಲಿ ಸಿಕ್ಕ ರಾಜ್ಯಶಾಸ್ತ್ರ

ಪಿಯುಸಿ ಮುಗಿಸಿದ ಮಗನೋ ಮಗಳೋ ‘ನಾನು ರಾಜ್ಯಶಾಸ್ತ್ರ ಓದುತ್ತೇನೆ’ ಎಂದರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ‘ಅದನ್ನು ಓದಿ ಏನು ಮಾಡ್ತೀಯಾ?’ ಸೈನ್ಸ್ ಸಿಗದಿದ್ದರೆ ಕಾಮರ್ಸ್, ಅದೂ ಸಿಗದಿದ್ದರೆ ಆರ್ಟ್ಸ್ ಎಂಬ ಲೆಕ್ಕಾಚಾರ ಇನ್ನೂ ಪೂರ್ತಿ ಹೋಗಿಲ್ಲ. ಕೆಎಎಸ್, ಐಎಎಸ್ ಪರೀಕ್ಷೆಗಾದರೂ ಉಪಯೋಗಕ್ಕೆ ಬಂದೀತೆಂದು ಅಪ್ಪ ಕೊನೆಗೆ ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಅಂಕಪಟ್ಟಿಗೂ ನೌಕರಿಗೂ ಸಂಬಂಧವಿಲ್ಲದ ಇನ್ನೊಂದು ಕಾರಣಕ್ಕೆ ಈ ವಿಷಯವನ್ನು ಹುಡುಕಿಕೊಂಡು ಬರುವವರೂ ಉಂಟು. ಎಲ್ಲೋ ಸ್ವಯಂಸೇವಕರಾಗಿ ದುಡಿದು, ಅಲ್ಲಿ ಕಂಡದ್ದು ಯಾಕೆ ಹಾಗಿದೆ ಎಂದು ತಿಳಿಯದೆ ತಳಮಳಗೊಂಡವರು ಅವರು.

ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಶಿಬಿರವನ್ನೇ ನೋಡಿ. ಗಾಂಧಿ ಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಇದು. ಏಳು ದಿನ ಹಳ್ಳಿಯ ಶಾಲೆಯಲ್ಲಿ ಮಲಗಿ, ಸಾರು ಅನ್ನ ಉಂಡು, ಹುಡುಗರು ಚರಂಡಿ ಶುಚಿ ಮಾಡುತ್ತಾರೆ. ಮುಂದಿನ ವರ್ಷ ಹೋದರೆ ಚರಂಡಿ ಮತ್ತೆ ಹಾಗೆಯೇ ಕಟ್ಟಿಕೊಂಡಿರುತ್ತದೆ. ಹೆಚ್ಚಿನವರು ನಕ್ಕು ಮತ್ತೆ ಗುದ್ದಲಿ ಹಿಡಿಯುತ್ತಾರೆ. ಒಬ್ಬಿಬ್ಬರು ಮಾತ್ರ ನಿಂತು ಕೇಳುತ್ತಾರೆ: ಇದಕ್ಕೆ ದುಡ್ಡು ಕೊಡಬೇಕಾದವರು ಯಾರು? ಮೇಲಿನ ಕೇರಿಗೆ ಕಲ್ಲು ಹಾಸಿದವರು ಕೆಳಗಿನ ಕೇರಿಯನ್ನು ಯಾಕೆ ಬಿಟ್ಟರು? ಈ ತೀರ್ಮಾನ ಎಲ್ಲಿ, ಯಾವ ಸಭೆಯಲ್ಲಿ ಆಯಿತು?

ಇಂಥ ಪ್ರಶ್ನೆಯ ಬೆನ್ನು ಹತ್ತಿ ಬಹು ದೂರ ನಡೆದವರೊಬ್ಬರು ಅಮೆರಿಕದ ಫ್ರಾನ್ಸಿಸ್ ಪರ್ಕಿನ್ಸ್. ನಮ್ಮಲ್ಲಿ ಆಕೆಯ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. 1880ರಲ್ಲಿ ಬೋಸ್ಟನ್‌ನಲ್ಲಿ ಹುಟ್ಟಿದ ಆಕೆ ಮೌಂಟ್ ಹೋಲಿಯೋಕ್ ಎಂಬ ಮಹಿಳಾ ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ. ಪದವಿ ಬಂದದ್ದು 1902ರಲ್ಲಿ. ನಮ್ಮ ಲೆಕ್ಕದಲ್ಲಿ ‘ಸೈನ್ಸ್ ಸಿಕ್ಕಿದವರು’! ಅಲ್ಲಿದ್ದಾಗಲೇ ಆರ್ಥಿಕ ಇತಿಹಾಸದ ಅಧ್ಯಾಪಕಿಯೊಬ್ಬರು ವಿದ್ಯಾರ್ಥಿನಿಯರನ್ನು ಹತ್ತಿರದ ಗಿರಣಿಗಳಿಗೆ ಕಳಿಸಿ, ಅಲ್ಲಿಯ ಕೆಲಸಗಾರರ ಸ್ಥಿತಿಗತಿಯನ್ನು ಕಣ್ಣಾರೆ ನೋಡಿಸಿದ್ದರು. ಆ ಕಿಡಿ ಆರಲಿಲ್ಲ.

1904ರಲ್ಲಿ ಆಕೆ ಷಿಕಾಗೋ ಬಳಿಯ ಶಾಲೆಯೊಂದಕ್ಕೆ ಉಪಾಧ್ಯಾಯಿನಿಯಾಗಿ ಹೋದರು. ಬಿಡುವಾದಾಗಲೆಲ್ಲ ಆಕೆಯ ಕಾಲು ಎಳೆಯುತ್ತಿದ್ದುದು ನಗರದ ‘ಹಲ್ ಹೌಸ್’ ಕಡೆಗೆ. ಜೇನ್ ಆಡಮ್ಸ್ ಮತ್ತು ಎಲೆನ್ ಸ್ಟಾರ್ 1889ರಲ್ಲಿ ಬಡ ವಲಸೆಗಾರರ ಕೇರಿಯ ನಡುವೆ ತೆರೆದ ಸೇವಾಕೇಂದ್ರ ಅದು. ಓದುಬರಹ ಬಲ್ಲ ಯುವಕ ಯುವತಿಯರು ಕೇರಿಯಲ್ಲೇ ನೆಲೆಸಿ ನೆರೆಯವರಾಗಿ ಬಾಳಬೇಕೆಂಬುದು ಅದರ ಕ್ರಮ. ಕೂಲಿ ಕೊಡದೆ ಮೋಸ ಮಾಡಿದ ಮಾಲೀಕರ ಬಳಿ ಹೋಗಿ ದುಡಿದವರ ಹಣವನ್ನು ವಸೂಲು ಮಾಡಿಕೊಡುವುದೂ ಪರ್ಕಿನ್ಸ್‌ಗೆ ಬಿದ್ದ ಕೆಲಸಗಳಲ್ಲಿ ಒಂದು. ಇವತ್ತು ಒಬ್ಬರ ಕೂಲಿ ಕೊಡಿಸಿದರೆ ನಾಳೆ ಅದೇ ದೂರು ಹಿಡಿದು ಇನ್ನೊಬ್ಬರು ಬಾಗಿಲಲ್ಲಿ. ಬುಟ್ಟಿಯಲ್ಲಿ ನೀರು ಹೊತ್ತ ಹಾಗೆ.

ಮುಂದೆ ಫಿಲಡೆಲ್ಫಿಯಾ. ನೌಕರಿ ಕೊಡಿಸುತ್ತೇವೆಂದು ಊರಿಗೆ ಹೊಸದಾಗಿ ಬಂದ ಹುಡುಗಿಯರನ್ನು ದಾರಿ ತಪ್ಪಿಸುವ ಏಜೆನ್ಸಿಗಳ ವಿರುದ್ಧ ಹೋರಾಡುವ ಸಂಘದಲ್ಲಿ ಆಕೆ ಕಾರ್ಯದರ್ಶಿ. ಅದರ ಜೊತೆಗೇ ಅರ್ಥಶಾಸ್ತ್ರದ ಪಾಠ. ಆಮೇಲೆ ನ್ಯೂಯಾರ್ಕಿಗೆ ಬಂದು ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿ 1910ರಲ್ಲಿ ಎಂ.ಎ. ಪಡೆದರು. ಆಗ ಆ ವಿಶ್ವವಿದ್ಯಾಲಯದ ‘ರಾಜ್ಯಶಾಸ್ತ್ರ ನಿಕಾಯ’ದ ಸೂರಿನಡಿಯಲ್ಲೇ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸಗಳೂ ಇದ್ದವು. ಆಕೆಯ ಪ್ರಬಂಧದ ವಿಷಯ ಪ್ಲೇಟೋ ಅಲ್ಲ, ರೂಸೋ ಅಲ್ಲ. ನ್ಯೂಯಾರ್ಕಿನ ಬಡ ಬಡಾವಣೆಯ ಶಾಲೆಯೊಂದರ ಮಕ್ಕಳಿಗೆ ಹೊಟ್ಟೆ ತುಂಬ ಊಟ ಯಾಕೆ ಸಿಗುತ್ತಿಲ್ಲ ಎಂಬುದು.

ಇದೇ ನಿಕಾಯಕ್ಕೆ 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಬಂದು ಸೇರಿದವರು ನಮ್ಮ ಬಿ.ಆರ್. ಅಂಬೇಡ್ಕರ್. 1942ರಲ್ಲಿ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ವಹಿಸಿಕೊಂಡಾಗ ಅಮೆರಿಕದ ಕಾರ್ಮಿಕ ಖಾತೆ ಪರ್ಕಿನ್ಸ್ ಕೈಯಲ್ಲೇ ಇತ್ತು. ಒಂದೇ ಸೂರಿನಡಿ ಓದಿದ ಇಬ್ಬರು, ಎರಡು ದೇಶ, ಒಂದೇ ಖಾತೆ!

ಮತ್ತೆ ಕೇರಿಗೆ ಬರೋಣ. ಆಕೆ ನ್ಯೂಯಾರ್ಕಿನಲ್ಲಿ ಓದುತ್ತ ಸಮೀಕ್ಷೆ ಮಾಡುತ್ತಿದ್ದಾಗ ಒಬ್ಬ ಹುಡುಗನನ್ನು ಪೊಲೀಸರು ಹಿಡಿದೊಯ್ದರು. ತಾಯಿ, ತಂಗಿಯರಿಗೆ ಅವನ ದುಡಿಮೆಯೇ ಆಧಾರ. ಪರ್ಕಿನ್ಸ್ ದತ್ತಿ ಸಂಸ್ಥೆಯ ಬಾಗಿಲು ತಟ್ಟಿದರು. ವಿಚಾರಣೆ ನಡೆಸಿದ ಸಂಸ್ಥೆ ಆ ಕುಟುಂಬ ನೆರವಿಗೆ ‘ಅರ್ಹವಲ್ಲ’ ಎಂದು ಷರಾ ಬರೆಯಿತು. ಬೇರೆ ದಾರಿ ಕಾಣದೆ ಆಕೆ ಆ ವಾರ್ಡಿನ ರಾಜಕೀಯ ಧಣಿ, ಟ್ಯಾಮನಿ ಪಕ್ಷದ ಮೆಕ್‌ಮ್ಯಾನಸ್ ಬಳಿ ಹೋದರು. ಭ್ರಷ್ಟರೆಂದು ಸಭ್ಯರೆಲ್ಲ ಮೂಗು ಮುರಿಯುತ್ತಿದ್ದ ಗುಂಪು ಅದು. ಅರ್ಹತೆಯ ಮಾತೇ ಅಲ್ಲಿ ಬರಲಿಲ್ಲ. ಹುಡುಗ ಬಿಡುಗಡೆಯಾಗಿ ಮನೆಗೆ ಬಂದ! ಯಾವ ಪಠ್ಯಪುಸ್ತಕದಲ್ಲೂ ಸಿಗದ ಪಾಠ. ಇದನ್ನು ಕೇಳಿ ‘ರಾಜಕಾರಣಿಯೇ ಮೇಲು’ ಎನ್ನುವವರೂ ಇದ್ದಾರೆ, ನನಗಂತೂ ಹಾಗನ್ನಿಸುವುದಿಲ್ಲ. ಧಣಿಯ ಕೃಪೆಯೂ ಕೃಪೆಯೇ, ಹಕ್ಕಲ್ಲ. ಆದರೆ ಕೀಲಿಕೈ ಯಾರ ಸೊಂಟದಲ್ಲಿದೆ ಎಂಬುದು ಆಕೆಗೆ ತಿಳಿಯಿತು.

1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿತ್ತು. ಸಮೀಪದ ಮನೆಯೊಂದರಲ್ಲಿ ಚಹಾಕೂಟಕ್ಕೆ ಬಂದಿದ್ದ ಪರ್ಕಿನ್ಸ್ ಗದ್ದಲ ಕೇಳಿ ಓಡಿದರು. ಕಾರ್ಖಾನೆ ಇದ್ದದ್ದು ಎಂಟು, ಒಂಬತ್ತು, ಹತ್ತನೇ ಮಹಡಿಗಳಲ್ಲಿ. ಅಗ್ನಿಶಾಮಕದವರ ಏಣಿ ಮುಟ್ಟುತ್ತಿದ್ದುದು ಆರನೆಯದಕ್ಕೆ. ಹೊರಹೋಗುವ ಬಾಗಿಲೊಂದಕ್ಕೆ ಬೀಗ. ಆಕೆಯ ಕಣ್ಣೆದುರೇ ಹುಡುಗಿಯರು ಕಿಟಕಿಯಿಂದ ಹಾರಿದರು. ಸತ್ತವರು 146 ಮಂದಿ. ಆಮೇಲೆ ರಚನೆಯಾದ ತನಿಖಾ ಆಯೋಗದ ಶಾಸಕರನ್ನು ಆಕೆ ಕಾರ್ಖಾನೆಗಳಿಗೆ ಕರೆದೊಯ್ದರು. ಒಂದು ಕಡೆ ‘ಬೆಂಕಿಯಿಂದ ಪಾರಾಗುವ ದಾರಿ’ ಎಂದಿದ್ದ ಸಣ್ಣ ಕಿಂಡಿಯಲ್ಲಿ ಸೆನೆಟರ್ ವಾಗ್ನರ್‌ರನ್ನು ತೆವಳಿಸಿಯೇ ಬಿಟ್ಟರು. ಆಚೆ ಮಂಜುಗಟ್ಟಿದ ಏಣಿ. ಅದು ನೆಲದಿಂದ 12 ಅಡಿ ಮೇಲೆಯೇ ಮುಗಿದುಹೋಗಿತ್ತು.

1912ರಲ್ಲಿ ಹೆಂಗಸರ ದುಡಿಮೆಯನ್ನು ವಾರಕ್ಕೆ 54 ಗಂಟೆಗೆ ಇಳಿಸುವ ಮಸೂದೆ ನ್ಯೂಯಾರ್ಕ್ ಶಾಸನಸಭೆಗೆ ಬಂತು. ಹಣ್ಣು ತರಕಾರಿ ಡಬ್ಬಿ ತುಂಬುವ ಕಾರ್ಖಾನೆಗಳನ್ನು ಕೈಬಿಟ್ಟರೆ ಮಾತ್ರ ಒಪ್ಪಿಗೆ ಎಂದರು. ಎಲ್ಲ ಬೇಕೆಂದು ಹಟ ಹಿಡಿದರೆ ಏನೂ ಸಿಗುತ್ತಿರಲಿಲ್ಲ. ಪರ್ಕಿನ್ಸ್ ಸಿಕ್ಕಷ್ಟನ್ನು ಒಪ್ಪಿಕೊಂಡರು. ಶಿಬಿರದಿಂದ ಬಂದ ಉತ್ಸಾಹಿಗಳಿಗೆ ನುಂಗಲು ಕಷ್ಟವಾಗುವ ಅಧ್ಯಾಯ ಇದೇ. ಗುದ್ದಲಿ ಹಿಡಿದವನ ಮನಸ್ಸು ಶುದ್ಧವಾಗಿರಬಹುದು. ಕಾನೂನು ಮಾಡಿಸುವವನು ಯಾರನ್ನು ಸದ್ಯಕ್ಕೆ ಬಿಟ್ಟೆ ಎಂಬ ಲೆಕ್ಕವನ್ನೂ ಹೊರಬೇಕು.

1933ರಲ್ಲಿ ರೂಸ್‌ವೆಲ್ಟ್ ಮಂತ್ರಿಮಂಡಲಕ್ಕೆ ಕರೆದಾಗ ಪರ್ಕಿನ್ಸ್ ಕೆಲಸದ ಅವಧಿ, ಕನಿಷ್ಠ ಕೂಲಿ, ಬಾಲಕಾರ್ಮಿಕ ನಿಷೇಧ, ನಿರುದ್ಯೋಗ ವಿಮೆ, ವೃದ್ಧಾಪ್ಯ ವೇತನಗಳ ಪಟ್ಟಿಯನ್ನು ಮುಂದಿಟ್ಟು, ಇದಕ್ಕೆ ಒಪ್ಪಿದರೆ ಬರುತ್ತೇನೆ ಎಂದರು. ಅಮೆರಿಕದ ಮೊದಲ ಮಹಿಳಾ ಸಂಪುಟ ಸಚಿವೆಯಾಗಿ 12 ವರ್ಷ ಇದ್ದರು. 1935ರಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ, 1938ರಲ್ಲಿ ಕೂಲಿ ಮತ್ತು ಕೆಲಸದ ಅವಧಿಯ ಕಾಯ್ದೆ ಬಂದವು. ಹೊಲದಲ್ಲಿ ದುಡಿಯುವವರು, ಮನೆಗೆಲಸದವರು ಆಗ ಎರಡರಿಂದಲೂ ಹೊರಗೇ ಉಳಿದರು. ಅವರಲ್ಲಿ ಕಪ್ಪು ಜನ ಬಹಳ.

ನಮ್ಮ ಬಿ.ಎ. ತರಗತಿಯಲ್ಲಿ ರಾಜ್ಯದ ಮೂಲಾಂಶಗಳು ನಾಲ್ಕು ಎಂದು ಬಾಯಿಪಾಠ ಮಾಡಿಸುತ್ತಾರೆ: ಜನ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. ಬಾಯಿಪಾಠದಿಂದ ಪಾಸಾಗಬಹುದು. ಆದರೆ ಚರಂಡಿಯ ಹುಡುಗ ಅದೇ ತರಗತಿಯಲ್ಲಿ 73ನೇ ತಿದ್ದುಪಡಿಯನ್ನು ಓದುವ ಬಗೆಯೇ ಬೇರೆ. ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ನೀರು, ನೈರ್ಮಲ್ಯ ಇವೆಯೇ ಎಂದು ಬೆರಳಿಟ್ಟು ಹುಡುಕುತ್ತಾನೆ. ಇವೆ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಲ್ಲಿ ಗ್ರಾಮಸಭೆಗೆ ಏನೇನು ಹೇಳಿದೆ ಎಂದು ನೋಡುತ್ತಾನೆ. ಮುಂದಿನ ಶಿಬಿರಕ್ಕೆ ಗುದ್ದಲಿಯ ಜೊತೆ ಆ ಪುಸ್ತಕವನ್ನೂ ಒಯ್ದರೆ ಊರಿನ ಕೆಲವರಿಗೆ ಇರಿಸುಮುರಿಸಾದೀತು, ಆಗಲಿ.

ಪರ್ಕಿನ್ಸ್ 1957ರಿಂದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಎಂಬತ್ತರ ವಯಸ್ಸಿನಲ್ಲಿ ಅಲ್ಲಿಯ ‘ಟೆಲ್ಯುರೈಡ್ ಹೌಸ್’ ಎಂಬ ವಿದ್ಯಾರ್ಥಿನಿಲಯದಲ್ಲೇ ಕೋಣೆ ಹಿಡಿದು, ಮೊಮ್ಮಕ್ಕಳ ವಯಸ್ಸಿನ ಹುಡುಗರ ನಡುವೆ ಇದ್ದರು. 1965ರಲ್ಲಿ ತೀರಿಕೊಳ್ಳುವವರೆಗೂ ಪಾಠ ಬಿಡಲಿಲ್ಲ.