ಕೃಷ್ಣೆಯ ಮೊಸಳೆ ಬಾಯಿ ತೆರೆದು ಮಲಗುವುದೇಕೆ?

ಪ್ರಶ್ನೆ: ಸಾಂಗ್ಲಿ ಬಳಿ ಭಿಲವಡಿ, ಔದುಂಬರದ ಕಡೆ ನದಿದಂಡೆಯ ಮೊಸಳೆಗಳು ಚಳಿಗಾಲದಲ್ಲೇ ಹೆಚ್ಚು ಕಾಣುತ್ತವೆ. ಬಾಯಿ ತೆರೆದೇ ಮಲಗಿರುತ್ತವೆ. ಏಕೆ?
– ಓದುಗರೊಬ್ಬರು, ಮಿರಜ

ಉತ್ತರ: ಮೊಸಳೆ ಶೀತರಕ್ತ ಪ್ರಾಣಿ; ಮೈ ಬೆಚ್ಚಗಾಗಲು ಬಿಸಿಲೇ ಬೇಕು. ಚಳಿಗೆ ನೀರು ತಣ್ಣಗಾದಾಗ ದಡಕ್ಕೆ ಬರುತ್ತದೆ. ಮಳೆಗಾಲದ ನೀರು ಇಳಿದು ಕೆಸರಿನ ದಂಡೆಯೂ ತೆರೆದುಕೊಂಡಿರುತ್ತದೆ. ಬಿಸಿಲೇರಿದಾಗ ಬಾಯಿ ತೆರೆದರೆ ಒಳಗಿನ ತೇವ ಆರಿ ತಲೆ ತಂಪಾಗುತ್ತದೆ. ಅದು ನಿಮ್ಮ ಮೇಲಿನ ಸಿಟ್ಟಲ್ಲ! ಆದರೂ ಹತ್ತಿರ ಹೋಗಬೇಡಿ. ಬೇಸಿಗೆಗೆ ಮುನ್ನ ಹೆಣ್ಣು ದಂಡೆಯ ಮರಳಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಕಾವಲು ಕೂರುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಶಾಖವೇ ತೀರ್ಮಾನಿಸುತ್ತದೆ. ಮರಳು ಬಗೆದರೆ ಗೂಡಿಗೇ ಕುತ್ತು. ನೆರೆ ಬಂದಾಗ ಮೊಸಳೆಗಳು ಎಲ್ಲಿಗಾದರೂ ತೇಲಿಹೋಗುತ್ತವೆ: 2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ ಒಂದು ಮೊಸಳೆ ಮನೆಯ ಮಾಡನ್ನೇ ಏರಿತ್ತು.