ಬ್ಯಾರಟ್ಸ್ ಚಾಪೆಲ್: ಒಂದು ಗ್ರಾಮೀಣ ಮೆಥೋಡಿಸ್ಟ್ ಸಭಾಮಂದಿರ ಮತ್ತು ಅದರ ಚಾರಿತ್ರಿಕ ಮಹತ್ವ

ಕರ್ನಾಟಕದ ಪ್ರೊಟೆಸ್ಟೆಂಟ್ ಮಿಷನ್‌ಗಳ ಚರಿತ್ರೆಯನ್ನು ಅಭ್ಯಸಿಸುವವರಿಗೆ ಆರಂಭದಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಗುಬ್ಬಿ, ತುಮಕೂರು, ಮೈಸೂರು ಪ್ರದೇಶಗಳಲ್ಲಿ ದುಡಿದ ವೆಸ್ಲಿಯನ್ ಮಿಷನರಿಗಳನ್ನೂ ಬೀದರ್, ಕಲಬುರಗಿ, ಕೋಲಾರಗಳಲ್ಲಿ ನೆಲೆಯೂರಿದ ಮಿಷನರಿಗಳನ್ನೂ ‘ಮೆಥೋಡಿಸ್ಟರು’ ಎಂಬ ಒಂದೇ ಹೆಸರಿನಿಂದ ಕರೆಯುವುದುಂಟು. ಮೊದಲನೆಯವರು ಇಂಗ್ಲೆಂಡಿನ ಶಾಖೆಗೆ ಸೇರಿದವರು. ಅವರ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ವಿಲೀನಗೊಂಡವು. ಎರಡನೆಯವರು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಶಾಖೆಯವರು. ಅವರ ಸಭೆಗಳು ಇಂದಿಗೂ ಪ್ರತ್ಯೇಕವಾಗಿ ಉಳಿದಿವೆ. ಇಂಗ್ಲೆಂಡಿನ ಮೆಥೋಡಿಸ್ಟರಲ್ಲಿ ಇಲ್ಲದ ಬಿಷಪ್ ಪದವಿ ಅಮೆರಿಕದವರಲ್ಲಿ ಏಕಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟರೆ, ಅದು ನಮ್ಮನ್ನು ಡೆಲವೇರ್ ರಾಜ್ಯದ ಒಂದು ಹಳ್ಳಿಗಾಡಿನ ಇಟ್ಟಿಗೆಯ ಕಟ್ಟಡದವರೆಗೆ ಕರೆದೊಯ್ಯುತ್ತದೆ.

ಡೋವರ್ ಪಟ್ಟಣದ ದಕ್ಷಿಣಕ್ಕೆ, ಕೆಂಟ್ ಕೌಂಟಿಯ ಫ್ರೆಡರಿಕಾ ಎಂಬ ಊರಿನ ಸಮೀಪದಲ್ಲಿರುವ ಈ ಮಂದಿರವು 1780ರಲ್ಲಿ ನಿರ್ಮಾಣವಾಯಿತು. ಕೌಂಟಿಯ ಶೆರಿಫ್ ಆಗಿದ್ದ ಭೂಮಾಲೀಕ ಫಿಲಿಪ್ ಬ್ಯಾರಟ್ ಇದಕ್ಕೆ ತನ್ನ ಜಮೀನನ್ನು ಕೊಟ್ಟನು. ಮಂದಿರದ ಹೆಸರು ಅವನಿಂದಲೇ ಬಂದುದು. ಸುಮಾರು 42 ಅಡಿಗೆ 48 ಅಡಿ ಅಳತೆಯ, ಎರಡು ಸಾಲು ಕಿಟಕಿಗಳುಳ್ಳ ಚೌಕಾಕಾರದ ಈ ಕಟ್ಟಡಕ್ಕೆ ಗೋಪುರವಿಲ್ಲ, ಹೊರಗೋಡೆಗಳ ಮೇಲೆ ಅಲಂಕಾರವೂ ಇಲ್ಲ. ದೂರದಿಂದ ನೋಡಿದವರು ಇದನ್ನು ಅನುಕೂಲಸ್ಥ ರೈತನ ಮನೆಯೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಒಳಗೆ ಮೂರು ಕಡೆಗಳಲ್ಲಿ ಮೇಲಂತಸ್ತಿನ ಗ್ಯಾಲರಿಯಿದೆ. ಉಪದೇಶವೇ ಮುಖ್ಯವಾದ ಆರಾಧನೆಯಲ್ಲಿ ಹೆಚ್ಚು ಜನರು ಪ್ರಸಂಗಪೀಠಕ್ಕೆ ಹತ್ತಿರವಾಗಿ ಕುಳಿತು ಕೇಳಬೇಕೆಂಬ ಅಗತ್ಯವು ಈ ವಿನ್ಯಾಸವನ್ನು ರೂಪಿಸಿದೆ. 1841ರಲ್ಲಿ ಒಳಭಾಗವನ್ನು ನವೀಕರಿಸಲಾಯಿತು. ಆದುದರಿಂದ ಇಂದು ಕಾಣುವ ಒಳಾಂಗಣವನ್ನು ಹದಿನೆಂಟನೆಯ ಶತಮಾನದ್ದೆಂದು ಇಡಿಯಾಗಿ ಗ್ರಹಿಸುವುದು ಸರಿಯಲ್ಲ.

ಕಟ್ಟಡದ ಕಾಲವು ವಿಶೇಷವಾಗಿ ಗಮನಾರ್ಹ. ಅದು ಸ್ವಾತಂತ್ರ್ಯ ಯುದ್ಧದ ನಡುಗಾಲ. ಮೆಥೋಡಿಸ್ಟ್ ಚಳವಳಿಯ ಮೂಲಪುರುಷ ಜಾನ್ ವೆಸ್ಲಿ 1775ರಲ್ಲಿ ವಸಾಹತುಗಳ ದಂಗೆಯನ್ನು ವಿರೋಧಿಸಿ ಕಿರುಹೊತ್ತಿಗೆಯೊಂದನ್ನು ಪ್ರಕಟಿಸಿದ್ದನು. ಪರಿಣಾಮವಾಗಿ ಅವನ ಅನುಯಾಯಿಗಳೆಲ್ಲರೂ ಇಂಗ್ಲೆಂಡಿನ ಅರಸನ ಪಕ್ಷಪಾತಿಗಳೆಂಬ ಸಂಶಯಕ್ಕೆ ಗುರಿಯಾದರು. ವೆಸ್ಲಿ ಕಳುಹಿಸಿದ್ದ ಬೋಧಕರಲ್ಲಿ ಹೆಚ್ಚಿನವರು ಸ್ವದೇಶಕ್ಕೆ ಮರಳಿದರು. ಉಳಿದುಕೊಂಡ ಫ್ರಾನ್ಸಿಸ್ ಆಸ್ಬರಿಯು ಮೇರಿಲ್ಯಾಂಡಿನ ನಿಷ್ಠಾ ಪ್ರಮಾಣವನ್ನು ಸ್ವೀಕರಿಸಲಾರದೆ ಡೆಲವೇರಿನಲ್ಲಿ ಥಾಮಸ್ ವೈಟ್ ಎಂಬ ನ್ಯಾಯಾಧೀಶನ ಮನೆಯಲ್ಲಿ ಆಶ್ರಯ ಪಡೆದನು. ಇಷ್ಟು ದೊಡ್ಡ ಮಂದಿರವನ್ನು ಕಟ್ಟುವುದೇಕೆ, ಯುದ್ಧ ಮುಗಿದ ಮೇಲೆ ಉಳಿಯುವ ಮೆಥೋಡಿಸ್ಟರಿಗೆ ಜೋಳದ ಕಣಜವೊಂದು ಸಾಕಾದೀತು ಎಂದು ಸ್ಥಳೀಯನೊಬ್ಬನು ಮೂದಲಿಸಿದನೆಂಬ ಐತಿಹ್ಯವೂ ಉಂಟು.

ಇದಕ್ಕಿಂತ ಗಂಭೀರವಾದ ಸಮಸ್ಯೆ ಮತ್ತೊಂದಿತ್ತು. ಮೆಥೋಡಿಸ್ಟರು ಆಗಿನ್ನೂ ಸ್ವತಂತ್ರ ಸಭೆಯಾಗಿರದೆ, ಇಂಗ್ಲೆಂಡ್ ಸಭೆಯ ಒಳಗಿನ ಒಂದು ಭಕ್ತಸಂಘವಾಗಿದ್ದರು. ತಮ್ಮ ಮಂದಿರಗಳನ್ನು ‘ಚರ್ಚ್’ ಎನ್ನದೆ ‘ಚಾಪೆಲ್’ ಎಂದು ಕರೆದುಕೊಂಡುದರ ಹಿನ್ನೆಲೆಯೂ ಇದೇ. ಅವರ ಬೋಧಕರು ಗುರುದೀಕ್ಷೆ ಪಡೆದವರಲ್ಲ. ಉಪದೇಶಿಸಬಹುದಿತ್ತೇ ಹೊರತು ದೀಕ್ಷಾಸ್ನಾನ ಕೊಡುವಂತಿರಲಿಲ್ಲ, ಕರ್ತನ ಭೋಜನವನ್ನು ಹಂಚುವಂತಿರಲಿಲ್ಲ. ಯುದ್ಧದಲ್ಲಿ ಆಂಗ್ಲಿಕನ್ ಪಾದ್ರಿಗಳನೇಕರು ಊರು ಬಿಟ್ಟಮೇಲೆ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಲು ಸಹ ಜನರಿಗೆ ದಾರಿ ಇಲ್ಲವಾಯಿತು. 1779ರಲ್ಲಿ ವರ್ಜೀನಿಯಾದ ಕೆಲವು ಬೋಧಕರು ತಾವೇ ಪರಸ್ಪರ ದೀಕ್ಷೆ ನೀಡಿಕೊಂಡು ಸಂಸ್ಕಾರಗಳನ್ನು ನಡೆಸತೊಡಗಿದರು. ಮರುವರ್ಷ ಆಸ್ಬರಿಯು ಪ್ರಯಾಸದಿಂದ ಅವರ ಮನವೊಲಿಸಿ ಅದನ್ನು ನಿಲ್ಲಿಸಿದನು.

ಈ ಬಿಕ್ಕಟ್ಟನ್ನು ಪರಿಹರಿಸಲು ವೆಸ್ಲಿಯು 1784ರ ಸೆಪ್ಟೆಂಬರಿನಲ್ಲಿ ಬ್ರಿಸ್ಟಲ್ ನಗರದಲ್ಲಿ ರಿಚರ್ಡ್ ವಾಟ್‌ಕೋಟ್ ಮತ್ತು ಥಾಮಸ್ ವೇಸಿ ಎಂಬಿಬ್ಬರಿಗೆ ತಾನೇ ದೀಕ್ಷೆ ನೀಡಿ, ಥಾಮಸ್ ಕೋಕ್‌ನನ್ನು ಅಮೆರಿಕದ ಮೇಲ್ವಿಚಾರಕನಾಗಿ ನೇಮಿಸಿದನು. ಬಿಷಪ್ ಅಲ್ಲದ ವೆಸ್ಲಿಗೆ ಈ ಅಧಿಕಾರವಿತ್ತೇ ಎಂಬುದು ಅಂದಿನಿಂದಲೂ ವಿವಾದದ ವಿಷಯ. ಅವನ ತಮ್ಮ ಚಾರ್ಲ್ಸ್ ವೆಸ್ಲಿಯೇ ಇದನ್ನು ಕಟುವಾಗಿ ವಿರೋಧಿಸಿದನು.

1784ರ ನವೆಂಬರ್ 14, ಭಾನುವಾರ. ಕೋಕ್ ಮತ್ತು ವಾಟ್‌ಕೋಟ್ ಬ್ಯಾರಟ್ಸ್ ಚಾಪೆಲಿಗೆ ಬಂದರು. ಮಂದಿರವು ಅರಣ್ಯದ ನಡುವೆ ಇತ್ತೆಂದು ಕೋಕ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಫಿಲಿಪ್ ಬ್ಯಾರಟ್ ಕೆಲವೇ ವಾರಗಳ ಹಿಂದೆ ತೀರಿಕೊಂಡಿದ್ದನು. ಕೋಕ್‌ನ ಉಪದೇಶ ಮುಗಿಯುವ ಹೊತ್ತಿಗೆ ಆಸ್ಬರಿ ಬಂದು ಸೇರಿದನು, ಇಬ್ಬರೂ ಅಪ್ಪಿಕೊಂಡರು. ಅನಂತರ ಐದಾರು ನೂರು ಜನರಿಗೆ ಕರ್ತನ ಭೋಜನವನ್ನು ನೀಡಲಾಯಿತು. ವಾಟ್‌ಕೋಟ್ ಪಾತ್ರೆಯನ್ನು ಹಿಡಿದು ಸಂಸ್ಕಾರದಲ್ಲಿ ನೆರವಾದುದನ್ನು ಕಂಡು ಆಸ್ಬರಿಯು ಬೆರಗಾದನೆಂಬುದು ಅವನ ದಿನಚರಿಯಿಂದಲೇ ತಿಳಿದುಬರುತ್ತದೆ. ತನ್ನಂತೆಯೇ ಸಾಮಾನ್ಯ ಬೋಧಕನಾಗಿದ್ದವನು ಇಂದು ಗುರುವಾಗಿದ್ದಾನೆ ಎಂಬುದರ ಅರ್ಥ ಅವನಿಗೆ ಹೊಳೆಯದೆ ಇರಲಿಲ್ಲ.

ಅಂದು ಮಧ್ಯಾಹ್ನ ಬ್ಯಾರಟ್‌ನ ವಿಧವೆಯ ಮನೆಯಲ್ಲಿ ಊಟದ ನಂತರ ನಡೆದ ಮಾತುಕತೆಯೇ ನಿರ್ಣಾಯಕವಾದುದು. ವೆಸ್ಲಿಯು ಆಸ್ಬರಿಯನ್ನೂ ಮೇಲ್ವಿಚಾರಕನೆಂದು ಹೆಸರಿಸಿದ್ದನು. ಆದರೆ ಸಹಬೋಧಕರು ಆರಿಸಿದ ಹೊರತು ಆ ಹುದ್ದೆಯನ್ನು ಒಪ್ಪಲಾರೆನೆಂದು ಆಸ್ಬರಿ ತಿಳಿಸಿದನು. ನನ್ನ ದೃಷ್ಟಿಯಲ್ಲಿ ಈ ಒಂದು ಷರತ್ತು ಅಂದಿನ ಸಂಸ್ಕಾರಕ್ಕಿಂತಲೂ ದೂರಗಾಮಿಯಾದುದು; ಲಂಡನ್ನಿನ ಆಜ್ಞೆಯ ಜಾಗದಲ್ಲಿ ಅಮೆರಿಕದ ಬೋಧಕರ ಮತವು ಬಂದು ನಿಂತಿತು. ಕೂಡಲೇ ಬೋಧಕರನ್ನು ಕರೆತರಲು ಫ್ರೀಬಾರ್ನ್ ಗ್ಯಾರೆಟ್‌ಸನ್‌ನನ್ನು ಅಟ್ಟಲಾಯಿತು. ಹ್ಯಾರಿ ಹೋಸಿಯರ್ ಎಂಬ ಕಪ್ಪು ಜನಾಂಗದ ಪ್ರಸಿದ್ಧ ಬೋಧಕನನ್ನು ಜೊತೆಮಾಡಿ ಕೋಕ್‌ನನ್ನು ದೀರ್ಘ ಪ್ರವಾಸಕ್ಕೆ ಕಳುಹಿಸಲಾಯಿತು. ಡಿಸೆಂಬರ್ 24ರಂದು ಬಾಲ್ಟಿಮೋರಿನಲ್ಲಿ ಆರಂಭವಾದ ಸಮ್ಮೇಳನದಲ್ಲಿ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆ ಜನ್ಮತಾಳಿತು, ಆಸ್ಬರಿ ಚುನಾಯಿತನಾದನು. ಮೇಲ್ವಿಚಾರಕರು ಕೆಲವೇ ವರ್ಷಗಳಲ್ಲಿ ಬಿಷಪ್ ಎಂಬ ಹೆಸರನ್ನು ಧರಿಸಿದಾಗ ವೃದ್ಧ ವೆಸ್ಲಿ 1788ರಲ್ಲಿ ಆಸ್ಬರಿಗೆ ಪತ್ರ ಬರೆದು ಕಠಿಣವಾಗಿ ಆಕ್ಷೇಪಿಸಿದನು, ಪ್ರಯೋಜನವಾಗಲಿಲ್ಲ.

ಚಾಪೆಲಿನ ನೆಲದಲ್ಲಿ ಒಂದು ನಕ್ಷತ್ರವನ್ನು ಕೂರಿಸಲಾಗಿದೆ. ದೀಕ್ಷೆ ಪಡೆದ ಮೆಥೋಡಿಸ್ಟ್ ಗುರುಗಳು ಅಮೆರಿಕದಲ್ಲಿ ಮೊದಲ ಬಾರಿಗೆ ಸಂಸ್ಕಾರ ನಡೆಸಿದ ಸ್ಥಳವಿದೆಂದು ಅದು ಸೂಚಿಸುತ್ತದೆ. ವರ್ಜೀನಿಯಾದ ಬೋಧಕರು ಐದು ವರ್ಷ ಮೊದಲೇ ಇದನ್ನು ಮಾಡಿದ್ದರೆಂಬುದನ್ನು ನೆನೆದರೆ, ಈ ‘ಮೊದಲು’ ಎಂಬ ಮಾತು ಯಾರ ದೀಕ್ಷೆಯನ್ನು ದೀಕ್ಷೆಯೆಂದು ಒಪ್ಪುತ್ತೇವೆ ಎಂಬುದನ್ನು ಅವಲಂಬಿಸಿದೆ. 1972ರಲ್ಲಿ ಕಟ್ಟಡವು ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಸುತ್ತಲೂ ಹಳೆಯ ಸಮಾಧಿಭೂಮಿಯಿದೆ, ಆವರಣದಲ್ಲಿ ಒಂದು ವಸ್ತುಸಂಗ್ರಹಾಲಯವಿದೆ.