ಬಾಣಂತಿಯ ಹೊಟ್ಟೆ ಮತ್ತು ನೀರಿನ ಅಪವಾದ

ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣ ಮಾಡುವ ಸಂಪ್ರದಾಯ ನಮ್ಮಲ್ಲುಂಟು. ಅದೇ ಕಾಲಕ್ಕೆ ತಾಯಿಯ ಉದರದಲ್ಲಿ ನಡೆದಿರುವ ಒಂದು ಬದಲಾವಣೆಯನ್ನು ಮನೆಯವರು ಅರಿತಿರುವುದು ವಿರಳ. ಎದೆಗೂಡಿನಿಂದ ಕೆಳಹೊಟ್ಟೆಯವರೆಗೆ ಎರಡು ನೀಳವಾದ ಸ್ನಾಯುಗಳು ಜೋಡಿಯಾಗಿ ಇಳಿದಿರುತ್ತವೆ. ಅವುಗಳನ್ನು ನಡುವೆ ಬೆಸೆದಿರುವ ತಂತುಪಟ್ಟಿಯು ಹಾರ್ಮೋನುಗಳ ಪ್ರಭಾವದಿಂದ ಮೆತ್ತಗಾಗಿ, ಬೆಳೆಯುವ ಗರ್ಭಕ್ಕೆ ಎಡೆಗೊಡಲು ಅಗಲವಾಗುತ್ತದೆ. ಇದು ರೋಗವಲ್ಲ, ಕೊನೆಯ ತಿಂಗಳುಗಳಲ್ಲಿ ಬಹುತೇಕ ಎಲ್ಲ ಗರ್ಭಿಣಿಯರಲ್ಲಿಯೂ ಕಾಣುವಂಥದು.

ಹೆರಿಗೆಯಾದ ಮೊದಲ 8 ವಾರಗಳಲ್ಲಿ ಈ ಅಂತರವು ಬಹುಮಟ್ಟಿಗೆ ಕುಗ್ಗುತ್ತದೆ. ಕೆಲವರಲ್ಲಿ ಕುಗ್ಗದೆ, ಹೊಟ್ಟೆ ಉಬ್ಬಿಕೊಂಡೇ ಉಳಿಯುವುದು. ಆಗ ಹಿರಿಯರ ಬಾಯಲ್ಲಿ ಬರುವುದು ಒಂದೇ ಮಾತು: ನೀರು ಹೆಚ್ಚು ಕುಡಿದಳು, ಹೊಟ್ಟೆ ಬಿಗಿಯಾಗಿ ಕಟ್ಟಿಸಿಕೊಳ್ಳಲಿಲ್ಲ! ನೀರಿಗೂ ಇದಕ್ಕೂ ಸಂಬಂಧವಿಲ್ಲ. ಹಾಲೂಡಿಸುವ ತಾಯಿಗೆ ನೀರು ತಡೆದರೆ ಮಲಬದ್ಧತೆಯುಂಟಾಗಿ, ಮುಕ್ಕುವಾಗ ಆ ಸಡಿಲ ಪಟ್ಟಿಯ ಮೇಲೆಯೇ ಒತ್ತಡ ಬೀಳುತ್ತದೆ. ಹಳೆಯ ಸೀರೆಯ ಕಟ್ಟು ಸೊಂಟಕ್ಕೆ ಆಸರೆ ಕೊಟ್ಟೀತು, ಸ್ನಾಯುವಿಗೆ ಬಲ ಕೊಡಲಾರದು.

ಬಾಣಂತಿಯು ಅಂಗಾತ ಮಲಗಿ, ಮೊಣಕಾಲು ಮಡಿಸಿ, ತಲೆಯನ್ನು ತುಸು ಎತ್ತಿ ಹೊಕ್ಕುಳಿನ ಮೇಲೆ ಕೆಳಗೆ ಬೆರಳಿಟ್ಟು ನೋಡಿಕೊಳ್ಳಬಹುದು. 2 ಬೆರಳಿಗಿಂತ ಹೆಚ್ಚು ಅಂತರ ಉಳಿದಿದ್ದರೆ ವೈದ್ಯರಿಗೋ ಫಿಸಿಯೋಥೆರಪಿ ತಜ್ಞರಿಗೋ ತೋರಿಸತಕ್ಕದ್ದು. ಉಸಿರು ಬಿಡುತ್ತ ಕೆಳಹೊಟ್ಟೆಯನ್ನು ಮೆಲ್ಲನೆ ಒಳಗೆಳೆದುಕೊಳ್ಳುವ ಅಭ್ಯಾಸವೇ ಚಿಕಿತ್ಸೆಯ ಮೊದಲ ಮೆಟ್ಟಿಲು. ಸಿಸೇರಿಯನ್ ಆದವರು ವೈದ್ಯರ ಅನುಮತಿ ಪಡೆದೇ ಆರಂಭಿಸಬೇಕು. ಗರ್ಭಿಣಿಯಿರಲಿ ಬಾಣಂತಿಯಿರಲಿ, ಹಾಸಿಗೆಯಿಂದ ನೇರವಾಗಿ ಏಳದೆ ಮಗ್ಗುಲಾಗಿ ಕೈಯೂರಿ ಏಳುವುದು ಒಳಿತು. ತುಂಬಿದ ಕೊಡ ಎತ್ತುವ ಕೆಲಸ ಗಂಡಸರ ಪಾಲಿಗಿರಲಿ. ಅದರಿಂದ ಅವರ ಗೌರವಕ್ಕೇನೂ ಕುಂದಿಲ್ಲ. ಹೊಕ್ಕುಳ ಬಳಿ ನೋಯುವ ಗಂಟು ಕಂಡರೆ ಅದು ಹರ್ನಿಯಾ ಆಗಿರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.